ಕುದುರೆ ಮತ್ತು ಕೈಹದ: ಓದುಗರ ಪ್ರಶ್ನೆಗಳಿಗೆ ಉತ್ತರ

ಕುದುರೆ, ತಟ್ಟುಗಳನ್ನು ಎಳೆದಾಡದೆ, ಗದರಿಸದೆ, ಕೈಹದದಿಂದ ನಡೆಸಿಕೊಳ್ಳುವ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಹೆಗಲಿನವರೆಗಿನ, ಅಂದರೆ ಜೂಲು ಮುಗಿದು ಬೆನ್ನು ಶುರುವಾಗುವ ಉಬ್ಬಿನವರೆಗಿನ, ಎತ್ತರ ಸುಮಾರು 148 ಸೆಂಟಿಮೀಟರಿನೊಳಗಿದ್ದರೆ ತಟ್ಟು, ಅದಕ್ಕಿಂತ ಹೆಚ್ಚಿದ್ದರೆ ಕುದುರೆ ಎಂಬುದು ರೂಢಿಯ ಲೆಕ್ಕ. ಬೇರೆಯಾಗಿ ಹೇಳದ ಕಡೆ ಕೆಳಗಿನ ಮಾತು ಎರಡಕ್ಕೂ ಸಲ್ಲುತ್ತದೆ.

ಪ್ರಶ್ನೆ: ಐನೂರು ಕಿಲೋ ತೂಗುವ ಪ್ರಾಣಿ. ಗಟ್ಟಿಯಾಗಿ ಹಿಡಿಯದಿದ್ದರೆ ಮಾತು ಕೇಳುತ್ತದೆಯೇ? ಕೈಹದ ಅಂದರೆ ಬರೀ ಮುದ್ದು ಮಾಡುವುದೇ?

ಉತ್ತರ: ಐನೂರು ಕಿಲೋ ಪ್ರಾಣಿಯನ್ನು ತೋಳುಬಲದಿಂದ ಹಿಡಿದು ನಿಲ್ಲಿಸುವುದು ಯಾರಿಂದಲೂ ಆಗದ ಕೆಲಸ. ನಾವು ಹಿಡಿದಿದ್ದೇವೆ ಅಂದುಕೊಂಡಾಗಲೂ ಕುದುರೆ ನಿಂತಿರುವುದು ನಿಲ್ಲಲು ಒಪ್ಪಿಕೊಂಡಿರುವುದರಿಂದಲೇ. ಹಾಗಾಗಿ ಆ ಒಪ್ಪಿಗೆಯನ್ನು ಎಷ್ಟು ಮೆತ್ತಗೆ ಕೇಳಬಹುದು ಎಂಬುದಷ್ಟೇ ಪ್ರಶ್ನೆ.

ತುಂಬಾ ಮೆತ್ತಗೆ ಕೇಳಬಹುದು. ಪಕ್ಕೆಯ ಮೇಲೆ ನೊಣ ಕೂತರೆ ಕುದುರೆ ಆ ಜಾಗದ ಚರ್ಮವನ್ನಷ್ಟೇ ಅದುರಿಸಿ ಅದನ್ನು ಹಾರಿಸುತ್ತದೆ. ಅಷ್ಟು ಸೂಕ್ಷ್ಮದ ಚರ್ಮಕ್ಕೆ ಮೊಣಕೈಯಿಂದ ತಿವಿಯಬೇಕಾದ ಅಗತ್ಯವೇ ಇಲ್ಲ. ಕಣ್ಣೂ ಅಷ್ಟೇ ಚುರುಕು. ಬರ್ಲಿನ್ನಿನಲ್ಲಿ ‘ಜಾಣ ಹಾನ್ಸ್’ ಎಂದು ಹೆಸರಾದ ಕುದುರೆಯೊಂದಿತ್ತು. ಲೆಕ್ಕ ಕೇಳಿದರೆ ಗೊರಸಿನಿಂದ ನೆಲ ತಟ್ಟಿ ಉತ್ತರ ಹೇಳುತ್ತಿತ್ತು. ಅದಕ್ಕೆ ಲೆಕ್ಕ ಬರುತ್ತಿರಲಿಲ್ಲ ಎಂಬುದನ್ನು ಮನೋವಿಜ್ಞಾನಿ ಆಸ್ಕರ್ ಫುಂಗ್ಸ್ಟ್ 1907ರಲ್ಲಿ ಬಯಲಿಗೆ ತಂದರು. ಸರಿಯಾದ ಸಂಖ್ಯೆ ಬಂದಾಗ ಪ್ರಶ್ನೆ ಕೇಳಿದವರ ತಲೆ, ಅವರಿಗೇ ಗೊತ್ತಿಲ್ಲದಂತೆ, ಕೂದಲೆಳೆಯಷ್ಟು ಅಲುಗುತ್ತಿತ್ತು. ಕುದುರೆ ಅದನ್ನು ನೋಡಿ ತಟ್ಟುವುದನ್ನು ನಿಲ್ಲಿಸುತ್ತಿತ್ತು. ಕೇಳಿದವರಿಗೇ ಉತ್ತರ ಗೊತ್ತಿಲ್ಲದಿದ್ದಾಗ, ಅಥವಾ ಅವರು ಕಣ್ಣಿಗೆ ಬೀಳದಿದ್ದಾಗ, ಹಾನ್ಸ್ ತಪ್ಪುತ್ತಿತ್ತು. ನಿಮ್ಮ ಕುದುರೆಯೂ ನಿಮ್ಮನ್ನು ಹೀಗೆಯೇ ಓದುತ್ತಿದೆ. ನಿಮ್ಮ ಕೈ ಜೋರಾಗಿ ಮಾತಾಡಿದರೆ ಈ ಸಣ್ಣ ಸದ್ದುಗಳೆಲ್ಲ ಅದರಡಿ ಮುಚ್ಚಿಹೋಗುತ್ತವೆ.

ಇನ್ನು ಮುದ್ದಿನ ವಿಷಯ. ಹಗ್ಗ ಹಿಡಿದ ಮೇಲೆ ಒತ್ತಡ ಶೂನ್ಯವಾಗಿರುವುದು ಸಾಧ್ಯವಿಲ್ಲ, ಬೆರಳು ಮುಟ್ಟಿದರೂ ಅದು ಒತ್ತಡವೇ. ಒತ್ತಡ ಪ್ರಶ್ನೆ ಕೇಳುತ್ತದೆ, ಅದನ್ನು ಬಿಟ್ಟ ಗಳಿಗೆ ‘ಹೌದು, ಇದೇ’ ಎಂದು ಉತ್ತರ ಹೇಳುತ್ತದೆ. ಕುದುರೆ ಕಲಿಯುವುದು ಆ ಬಿಟ್ಟ ಗಳಿಗೆಯಿಂದ. ಎಷ್ಟು ಕಡಿಮೆಯಲ್ಲಿ ಕೇಳಿದಿರಿ, ಅದು ಕೊಟ್ಟ ಮೊದಲ ಸಣ್ಣ ಉತ್ತರವನ್ನು ಎಷ್ಟು ಬೇಗ ಗುರುತಿಸಿ ಕೈ ಸಡಿಲಿಸಿದಿರಿ, ಇವೆರಡೂ ಸೇರಿದ್ದು ಕೈಹದ.

ಹಿಂದೆ ಸರಿಯುವುದನ್ನು ಕಲಿಸುವ ಮೂಲಕ ಇದನ್ನು ಅಭ್ಯಾಸ ಮಾಡಿ. ಕುದುರೆಯ ಪಕ್ಕದಲ್ಲಿ, ಭುಜಕ್ಕಿಂತ ತುಸು ಮುಂದೆ ನಿಲ್ಲಿ. ಎರಡು ಬೆರಳಿನ ತುದಿಯನ್ನು ಎದೆಯ ಮುಂಭಾಗದ ಕೂದಲಿಗೆ ತಾಗಿಸಿ ಎರಡು ಸೆಕೆಂಡು ಕಾಯಿರಿ. ಏನೂ ಆಗದಿದ್ದರೆ ಬೆರಳು ಚರ್ಮಕ್ಕೆ ತಾಗಲಿ, ಮತ್ತೆ ಎರಡು ಸೆಕೆಂಡು. ಆಮೇಲೆ ಸ್ನಾಯುವಿಗೆ ತಿಳಿಯುವಷ್ಟು. ಕಾಲು ಎತ್ತಿ ಇಡುವವರೆಗೆ ಕಾಯಬೇಡಿ. ಎದೆ ಬೆರಳಿನಿಂದ ದೂರ ವಾಲಿ ಮೈಭಾರ ಹಿಂಗಾಲಿಗೆ ಜರುಗಿತೋ, ತಕ್ಷಣ ಕೈ ತೆಗೆಯಿರಿ. ಐದು ಸೆಕೆಂಡು ಸುಮ್ಮನಿದ್ದು ಮತ್ತೆ ಕೂದಲಿನಿಂದಲೇ ಶುರುಮಾಡಿ. ನಾಲ್ಕೈದು ಸಲ ಆಗುವಷ್ಟರಲ್ಲಿ ಹೆಚ್ಚಿನ ಕುದುರೆಗಳು ಕೂದಲಿಗೆ ತಾಗಿದಾಗಲೇ ಹೊರಡುತ್ತವೆ.

ಕೆಡುವುದು ಮೂರು ಕಡೆ. ಒಂದು, ಕೈ ತಡವಾಗಿ ಬಿಡುವುದು: ಹೆಜ್ಜೆ ಇಟ್ಟ ಮೇಲೂ ಒತ್ತುತ್ತಿದ್ದರೆ ಹೆಜ್ಜೆ ಇಟ್ಟದ್ದು ಸರಿಯೋ ತಪ್ಪೋ ಅದಕ್ಕೆ ತಿಳಿಯುವುದಿಲ್ಲ. ಎರಡು, ಟಕ್ ಟಕ್ ಎಂದು ಬೆರಳಿನಿಂದ ಕುಟ್ಟುತ್ತಲೇ ಇರುವುದು: ಕುಟ್ಟುವುದಕ್ಕೆ ಕೊನೆಯೇ ಇಲ್ಲವೆಂದಾದರೆ ಕುದುರೆ ಅದನ್ನು ಕಿವಿಗೆ ಹಾಕಿಕೊಳ್ಳುವುದನ್ನೇ ಬಿಡುತ್ತದೆ. ಮೂರು, ಮೈಭಾರ ಹಾಕಿ ದೂಡುವುದು: ದೂಡಿದ ಕಡೆಗೇ ಎದುರು ವಾಲುವುದು ಕುದುರೆಯ ಸಹಜ ಸ್ವಭಾವ, ನೀವು ಒರಗಿದರೆ ಅದೂ ಒರಗುತ್ತದೆ.

ಪ್ರಶ್ನೆ: ಹುಲ್ಲುಗಾವಲಿನಲ್ಲಿ ನನ್ನ ಹೆಣ್ಣು ಕುದುರೆ ಕೈಗೇ ಸಿಗುವುದಿಲ್ಲ. ಹಾಲ್ಟರ್ (ಹಿಡಿದು ನಡೆಸಲು ತಲೆಗೆ ಹಾಕುವ ಪಟ್ಟಿ) ಕಂಡರೆ ಓಡುತ್ತದೆ. ಬಕೆಟ್ಟಿನಲ್ಲಿ ತಿಂಡಿ ತೋರಿಸಿ ಹಿಡಿದರೆ ಮರುದಿನ ಇನ್ನೂ ದೂರ ಓಡುತ್ತದೆ.

ಉತ್ತರ: ಬಕೆಟ್ಟಿನ ಹಿಂದೆ ಹಗ್ಗವಿದೆ ಎಂಬುದು ಅದಕ್ಕೆ ಗೊತ್ತಾಗಿದೆ. ಹಾಲ್ಟರ್ ಬಂದಾಗಲೆಲ್ಲ ಹುಲ್ಲು, ಜೊತೆಗಾರರು ಎಲ್ಲ ತಪ್ಪಿ ದುಡಿಮೆ ಶುರುವಾದರೆ ಓಡುವುದು ಬುದ್ಧಿವಂತಿಕೆಯೇ. ಮೊದಲು ಈ ಲೆಕ್ಕ ಬದಲಾಗಬೇಕು. ಕೆಲವು ದಿನ ಹಿಡಿಯುವ ಉದ್ದೇಶವನ್ನೇ ಬಿಟ್ಟು ಹೋಗಿ.

ನೇರ ಮುಖದ ಎದುರಿನಿಂದಲೂ ಬಾಲದ ಹಿಂದಿನಿಂದಲೂ ಹೋಗಬೇಡಿ. ಕುದುರೆಯ ಕಣ್ಣು ತಲೆಯ ಇಕ್ಕೆಲದಲ್ಲಿರುವುದರಿಂದ ಸುತ್ತಲೂ ಹೆಚ್ಚುಕಡಿಮೆ ಎಲ್ಲವೂ ಕಾಣುತ್ತದೆ, ಆದರೆ ಹಣೆಯ ಮುಂದಿನ ಒಂದಿಷ್ಟು ಜಾಗ ಮತ್ತು ಬೆನ್ನ ಹಿಂದಿನ ಜಾಗ ಕಾಣುವುದಿಲ್ಲ. ಭುಜದ ಕಡೆಗೆ ಓರೆಯಾಗಿ, ಬಳಸು ದಾರಿಯಲ್ಲಿ, ಕೈ ಕೆಳಗಿಟ್ಟು ನಡೆಯಿರಿ. ಕಣ್ಣಲ್ಲಿ ಕಣ್ಣಿಟ್ಟು ದಿಟ್ಟಿಸದೆ ನೋಟವನ್ನು ಅದರ ಮುಂಗಾಲಿನ ಹತ್ತಿರದ ನೆಲಕ್ಕೆ ಇಳಿಸಿ.

ಈಗ ಮುಖ್ಯ ಕೆಲಸ. ಕುದುರೆ ಹೊರಟುಹೋಗುವುದಕ್ಕೆ ಮುಂಚೆ ಕೆಲವು ಸುಳಿವು ಕೊಡುತ್ತದೆ: ಮೇಯುವುದು ನಿಲ್ಲುತ್ತದೆ, ತಲೆ ಮೇಲೇಳುತ್ತದೆ, ಒಂದು ಕಿವಿ ನಿಮ್ಮ ಕಡೆ ತಿರುಗಿ ಅಲ್ಲೇ ನಿಲ್ಲುತ್ತದೆ, ಮೈಭಾರ ಆಚೆಯ ಕಾಲಿಗೆ ಹೋಗುತ್ತದೆ. ಮೊದಲನೆಯ ಸುಳಿವು ಕಂಡಲ್ಲೇ ನಿಲ್ಲಿ. ಅದು ಇಪ್ಪತ್ತು ಮೀಟರ್ ದೂರವಿದ್ದರೂ ಸರಿಯೇ. ಉಸಿರು ಬಿಟ್ಟು ಪಕ್ಕಕ್ಕೆ ತಿರುಗಿ, ಎರಡು ಹೆಜ್ಜೆ ಹಿಂದೆ ಹೋಗಿ. ಅದು ಮತ್ತೆ ಮೇಯಲು ತಲೆ ತಗ್ಗಿಸಿದರೆ ಮುಂದಿನ ಎರಡು ಹೆಜ್ಜೆ. ಅದು ಓಡಿದ ಮೇಲೆ ನೀವು ನಿಂತರೆ ಓಡಿದ್ದಕ್ಕೆ ಬಹುಮಾನ ಸಿಕ್ಕಂತಾಗುತ್ತದೆ. ಓಡುವ ಮೊದಲೇ ನಿಂತರೆ, ಸುಮ್ಮನೆ ಇದ್ದದ್ದಕ್ಕೆ ಬಹುಮಾನ.

ಹತ್ತಿರ ಸೇರಿದ ಮೇಲೆ ಮೂತಿಗೆ ಕೈ ಚಾಚಬೇಡಿ. ಜೂಲು ಮುಗಿದು ಬೆನ್ನು ಶುರುವಾಗುವ ಉಬ್ಬಿದೆಯಲ್ಲ, ಹೆಗಲು, ಅಲ್ಲಿ ಕೆರೆಯಿರಿ. ಕುದುರೆಗಳು ಒಂದನ್ನೊಂದು ಹಲ್ಲಿನಿಂದ ಕೆರೆದುಕೊಳ್ಳುವುದೂ ಅಲ್ಲೇ. ಅಲ್ಲಿ ಕೆರೆದರೆ ಹೃದಯದ ಬಡಿತ ನಿಧಾನಿಸುತ್ತದೆ. ಅರ್ಧ ನಿಮಿಷ ಕೆರೆದು, ಅದು ಹೊರಡುವ ಮೊದಲು ನೀವೇ ಹೊರಟುಬಿಡಿ. ನೀವು ಮೊದಲು ಹೋಗುವುದರಿಂದ ಎಷ್ಟು ಬದಲಾಗುತ್ತದೆ ಎಂಬುದನ್ನು ಮಾಡಿಯೇ ನೋಡಬೇಕು. ಆಮೇಲೆ ಹಗ್ಗವನ್ನು ಕುತ್ತಿಗೆಯ ಮೇಲೆ ಹಾಕಿ ತೆಗೆಯಿರಿ. ಇನ್ನೊಂದು ದಿನ ಹಾಲ್ಟರ್ ಹಾಕಿ, ಕೆರೆದು, ಬಿಚ್ಚಿ ಅಲ್ಲೇ ಬಿಟ್ಟು ಬನ್ನಿ. ಕೆಲಸಕ್ಕೆ ಹಿಡಿಯುವುದು ಮತ್ತೆ ಶುರುವಾದ ಮೇಲೂ, ನಾಲ್ಕು ಸಲ ಹಿಡಿದರೆ ಒಂದು ಸಲವಾದರೂ ಹೀಗೆ ಸುಮ್ಮನೆ ಹಿಡಿದು ಬಿಡುವ ಪಾಠ ನಡೆದಿರಲಿ.

ಪ್ರಶ್ನೆ: ಯಾವ ಹಾಲ್ಟರ್ ಒಳ್ಳೆಯದು? ಹಗ್ಗ ಎಷ್ಟು ಉದ್ದವಿರಬೇಕು?

ಉತ್ತರ: ಚಪ್ಪಟೆ ಪಟ್ಟಿಯ ಹಾಲ್ಟರ್, ಅದರಲ್ಲೂ ಚರ್ಮದ್ದು, ಒತ್ತಡವನ್ನು ಹರಡುತ್ತದೆ. ಗಂಟುಗಳಿರುವ ತೆಳು ಹಗ್ಗದ ಹಾಲ್ಟರ್ ಅದನ್ನು ಒಂದೇ ಗೆರೆಗೆ ತರುತ್ತದೆ. ಕೈಹದ ಬಂದವರಿಗೆ ಹಗ್ಗದ್ದೂ ಸೂಕ್ಷ್ಮವಾಗಿ ಮಾತಾಡುತ್ತದೆ, ಬಾರದವರ ಕೈಯಲ್ಲಿ ಕೊರೆಯುತ್ತದೆ. ಅದನ್ನು ಹಾಕಿ ಕುದುರೆಯನ್ನು ಕಂಬಕ್ಕೆ ಕಟ್ಟಬಾರದು, ಗಾವಲಿಗೂ ಬಿಡಬಾರದು. ಎಲ್ಲಾದರೂ ಸಿಕ್ಕಿಕೊಂಡರೆ ಅದು ಹರಿಯುವುದಿಲ್ಲ.

ಮೂಗುಪಟ್ಟಿ ಕೆನ್ನೆಯ ಎಲುಬಿನ ಉಬ್ಬುಗೆರೆಗಿಂತ ಎರಡು ಬೆರಳು ಕೆಳಗಿರಲಿ, ಪಟ್ಟಿಯೊಳಗೆ ಎರಡು ಬೆರಳು ಸಲೀಸಾಗಿ ಓಡಾಡಲಿ. ಇನ್ನೂ ಕೆಳಗೆ ಜಾರಿದರೆ ಮೂಗಿನ ಎಲುಬಿನ ತೆಳು ತುದಿಯ ಮೇಲೆ ಕೂರುತ್ತದೆ, ಉಸಿರಿಗೂ ತೊಡಕು. ಹಗ್ಗ 3ರಿಂದ 3.5 ಮೀಟರ್, ಬೆರಳಿನಷ್ಟು ದಪ್ಪದ ಮೆತ್ತನೆಯ ಹತ್ತಿಯದು. ಕುದುರೆ ಬೆಚ್ಚಿ ಪಕ್ಕಕ್ಕೆ ಹಾರಿದರೂ ಅದರ ಮೂಗಿಗೆ ಜಗ್ಗು ಬೀಳದಷ್ಟು ಉದ್ದ ಬೇಕು. ಉಳಿದದ್ದನ್ನು ಮಡಿಕೆ ಮಡಿಕೆಯಾಗಿ ಅಂಗೈಯಲ್ಲಿ ಹಿಡಿಯಿರಿ. ಕೈಗೆ ಸುತ್ತಿಕೊಳ್ಳುವುದು ಮಾತ್ರ ಎಂದೆಂದಿಗೂ ಬೇಡ, ಸುತ್ತು ಬಿಗಿದರೆ ಬೆರಳು ತುಂಡಾಗಬಹುದು, ಕುದುರೆ ಎಳೆದುಕೊಂಡೂ ಹೋಗಬಹುದು.

ಪ್ರಶ್ನೆ: ಕರೆದುಕೊಂಡು ಹೋಗುವಾಗ ನಮ್ಮ ತಟ್ಟು ನಡುದಾರಿಯಲ್ಲಿ ಕಂಬದಂತೆ ನಿಂತುಬಿಡುತ್ತದೆ. ಎಷ್ಟು ಎಳೆದರೂ ಕದಲುವುದಿಲ್ಲ. ಮನೆಯ ಕಡೆ ತಿರುಗಿದರೆ ಎಳೆದುಕೊಂಡೇ ಓಡುತ್ತದೆ.

ಉತ್ತರ: ಎಳೆಯುವುದನ್ನು ಬಿಡಿ. ಹಗ್ಗ ಬಿಗಿದಾಗ ಕಿವಿಯ ಹಿಂದಿನ ನೆತ್ತಿಯ ಮೇಲೆ ಒತ್ತು ಬೀಳುತ್ತದೆ, ತಟ್ಟು ಕತ್ತೆತ್ತಿ ಹಿಂದಕ್ಕೆ ಕೂರುತ್ತದೆ. ಹಗ್ಗಜಗ್ಗಾಟದಲ್ಲಿ ನಾಲ್ಕು ಕಾಲಿನವರೇ ಗೆಲ್ಲುವುದು.

ಮೊದಲು ನಿಂತದ್ದು ಏಕೆ ಎಂದು ನೋಡಿ. ಕಿವಿ ಎರಡೂ ಮುಂದಕ್ಕೆ ನೆಟ್ಟು, ತಲೆ ಎತ್ತಿ ದೂರ ನೋಡುತ್ತಿದ್ದರೆ ಅದಕ್ಕೆ ಏನೋ ಕಂಡಿದೆ. ನೋಡಲು ಬಿಡಿ. ಹತ್ತಿಪ್ಪತ್ತು ಸೆಕೆಂಡಿನಲ್ಲಿ ಉಸಿರು ಬಿಟ್ಟು, ಕತ್ತು ಇಳಿಸಿ, ಒಂದು ಕಿವಿಯನ್ನು ನಿಮ್ಮ ಕಡೆ ತಿರುಗಿಸುತ್ತದೆ. ಹೊರಡಲು ಅದೇ ಸಮಯ. ಕಲ್ಲುನೆಲದಲ್ಲಿ ಮಾತ್ರ ನಿಲ್ಲುತ್ತಿದ್ದರೆ, ಹೆಜ್ಜೆ ಮೊಟಕಾಗಿದ್ದರೆ, ಹಟ ಎಂದುಕೊಳ್ಳುವ ಮೊದಲು ಗೊರಸು ಮುಟ್ಟಿ ನೋಡಿ. ಗೊರಸು ಬಿಸಿಯಾಗಿದ್ದು ಅದರ ಮೇಲಿನ ನಾಡಿ ಜೋರಾಗಿ ಬಡಿಯುತ್ತಿದ್ದರೆ ಗೊರಸಿನ ಒಳಪದರದ ಉರಿಯೂತದ ಲಕ್ಷಣ. ತಟ್ಟುಗಳಲ್ಲಿ ಇದು ಹೆಚ್ಚು, ಅದೇ ದಿನ ಪಶುವೈದ್ಯರು ನೋಡಬೇಕು.

ಭಯವೂ ಇಲ್ಲ, ನೋವೂ ಇಲ್ಲ ಎಂದಾದರೆ ಅದರ ಭುಜದ ಪಕ್ಕ ನಿಂತು, ಹೋಗಬೇಕಾದ ಕಡೆ ಮುಖ ಮಾಡಿ. ಹಗ್ಗವನ್ನು ಮುಂದಕ್ಕಲ್ಲ, ಓರೆಯಾಗಿ ಪಕ್ಕಕ್ಕೆ ಚಾಚಿ. ಜೋಲು ತೆಗೆಯುವಷ್ಟೇ ಸಾಕು, ಬಿಗಿ ಬೇಡ. ನೇರ ನಿಂತ ತಟ್ಟು ನಾಲ್ಕು ಕಾಲನ್ನೂ ಊರಿಕೊಂಡು ತಡೆಯಬಲ್ಲದು, ಮೂತಿ ಪಕ್ಕಕ್ಕೆ ಬಂದರೆ ಸಮತೋಲಕ್ಕಾಗಿ ಒಂದು ಮುಂಗಾಲನ್ನು ಎತ್ತಿಡಲೇಬೇಕು. ಭುಜ ಅಲುಗಿದ ಕ್ಷಣ ಹಗ್ಗ ಜೋಲಾಗಲಿ. ಒಂದು ಹೆಜ್ಜೆ ಬಂತೇ? ನಿಲ್ಲಿಸಿ, ಹೆಗಲು ಕೆರೆಯಿರಿ. ಮತ್ತೆ ಇನ್ನೊಂದು ಪಕ್ಕಕ್ಕೆ. ನಿಧಾನ ಅನ್ನಿಸುತ್ತದೆ, ಎಳೆದಾಟಕ್ಕೆ ಹೋಲಿಸಿದರೆ ಬೇಗವೇ ಮುಗಿಯುತ್ತದೆ.

ಮನೆ ಕಡೆಯ ಓಟಕ್ಕೆ ಇನ್ನೊಂದು ಅಭ್ಯಾಸ. ಹಗ್ಗವನ್ನು ಸತತ ಬಿಗಿ ಹಿಡಿದರೆ ತಟ್ಟು ಆ ಬಿಗಿಗೆ ಒರಗಿಕೊಂಡೇ ಓಡುತ್ತದೆ. ಅದರ ಬದಲು ಮನೆಯಿಂದ ದೂರ ಇರುವಾಗಲೇ, ಸಮಾಧಾನದಲ್ಲಿರುವಾಗಲೇ, ಹತ್ತು ಹೆಜ್ಜೆ ಸಾಮಾನ್ಯ ನಡಿಗೆ, ಐದು ಹೆಜ್ಜೆ ತೀರಾ ನಿಧಾನ, ಆಮೇಲೆ ನಿಲ್ಲುವುದು, ಹೀಗೆ ಆಡಿ. ನಿಲ್ಲುವ ಮೊದಲು ನಿಮ್ಮ ಉಸಿರು ಹೊರಗೆ ಹೋಗಲಿ, ಹೆಜ್ಜೆ ಭಾರವಾಗಲಿ, ಒಂದು ಸೆಕೆಂಡಿನ ನಂತರವೂ ಅದು ನಡೆಯುತ್ತಿದ್ದರೆ ಮಾತ್ರ ಬೆರಳು ಹಗ್ಗದ ಮೇಲೆ ಮುಚ್ಚಲಿ. ಈ ಕ್ರಮ ತಪ್ಪದಿದ್ದರೆ ತಟ್ಟು ಉಸಿರನ್ನೇ ಕೇಳಿಸಿಕೊಂಡು ನಿಲ್ಲಲು ಕಲಿಯುತ್ತದೆ. ಎಲ್ಲವನ್ನೂ ಒಂದೇ ಸಲ ಮಾಡಿದರೆ ಅದು ಕಾಯುವುದು ಹಗ್ಗಕ್ಕೆ ಮಾತ್ರ.

ಪ್ರಶ್ನೆ: ಬಾಯಿ ಚಪ್ಪರಿಸಿ ನಾಲಗೆ ನೆಕ್ಕಿದರೆ ಕುದುರೆ ಸೋತು ಒಪ್ಪಿಕೊಂಡಿತು ಅನ್ನುತ್ತಾರೆ, ನಿಜವೇ?

ಉತ್ತರ: ಇಲ್ಲ. ಬಿಗುವಿನಲ್ಲಿ ಬಾಯಿ ಒಣಗುತ್ತದೆ, ಬಿಗು ಇಳಿದಾಗ ಜೊಲ್ಲು ಮತ್ತೆ ಊರಿ ಕುದುರೆ ಚಪ್ಪರಿಸುತ್ತದೆ. ‘ಈಗ ತಾನೇ ಬಿಗಿದುಕೊಂಡಿದ್ದೆ, ಈಗ ಸಡಿಲವಾದೆ’ ಎಂದಷ್ಟೇ ಅದರ ಅರ್ಥ. ಪಾಠದುದ್ದಕ್ಕೂ ಮತ್ತೆ ಮತ್ತೆ ಚಪ್ಪರಿಸುತ್ತಿದ್ದರೆ ನೀವು ಅದನ್ನು ಮತ್ತೆ ಮತ್ತೆ ಬಿಗಿಯುತ್ತಿದ್ದೀರಿ ಎಂದೂ ಆಗುತ್ತದೆ.

ಪ್ರಶ್ನೆ: ನಮ್ಮದು ತುಂಬಾ ಸಾಧು. ಏನು ಮಾಡಿದರೂ ಅಲ್ಲಾಡದೆ ನಿಲ್ಲುತ್ತದೆ. ಆದರೆ ಎರಡು ಸಲ ಇದ್ದಕ್ಕಿದ್ದಂತೆ ಹುಚ್ಚೆದ್ದು ಹಾರಿತು. ಮುನ್ಸೂಚನೆಯೇ ಇರಲಿಲ್ಲ.

ಉತ್ತರ: ಅಲ್ಲಾಡದೆ ನಿಲ್ಲುವುದು ಎರಡು ಬಗೆ. ಸಮಾಧಾನದಲ್ಲಿ ನಿಂತ ಕುದುರೆ ಕಣ್ಣು ಮಿಟುಕಿಸುತ್ತದೆ, ಕಿವಿ ಅತ್ತಿತ್ತ ಆಡಿಸುತ್ತದೆ, ಕೆಳತುಟಿ ಸಡಿಲ ಬಿಡುತ್ತದೆ, ಪಕ್ಕೆ ಏರಿಳಿಯುವುದು ಕಾಣುತ್ತದೆ, ಒಂದು ಹಿಂಗಾಲಿಗೆ ಬಿಡುವು ಕೊಟ್ಟಿರುತ್ತದೆ. ಹೆದರಿ ಹೆಪ್ಪುಗಟ್ಟಿ ನಿಂತದ್ದರ ಕಣ್ಣು ಮಿಟುಕುವುದಿಲ್ಲ, ಉಸಿರು ಮೇಲೆಯೇ ನಿಂತಿರುತ್ತದೆ, ತುಟಿ ಗದ್ದ ಬಿಗಿದಿರುತ್ತದೆ, ಬಾಲ ಒಳಗೆ ಒತ್ತಿಕೊಂಡಿರುತ್ತದೆ. ದೂರದಿಂದ ಎರಡೂ ‘ಸಾಧು’ವೇ. ಮುನ್ಸೂಚನೆ ಇತ್ತು. ಸಣ್ಣ ಸೂಚನೆಗಳಿಗೆ ಯಾರೂ ಉತ್ತರ ಕೊಡದೆ ಹೋದಾಗ ಕುದುರೆ ಅವನ್ನು ಕೊಡುವುದನ್ನೇ ಬಿಡುತ್ತದೆ, ತಡೆಯಲಾರದ ದಿನ ಒಮ್ಮೆಲೇ ಸಿಡಿಯುತ್ತದೆ.

ದಿನಚರಿಯನ್ನು ನಿಧಾನಿಸಿ. ಬ್ರಷ್ ಮಾಡುವಾಗ ಮೂರು ಸೆಕೆಂಡು ತಿಕ್ಕಿ ಕೈ ತೆಗೆದು ನೋಡಿ. ಅದು ನಿಮ್ಮ ಕಡೆ ತುಸು ವಾಲಿದರೆ ಮುಂದುವರಿಸಿ. ಉಸಿರು ಹಿಡಿದರೆ, ಕತ್ತು ಆಚೆ ತಿರುಗಿಸಿದರೆ ಬೇರೆ ಜಾಗಕ್ಕೆ ಹೋಗಿ. ಮಾತು ಕೇಳುವವರಿದ್ದಾರೆ ಎಂದು ತಿಳಿದ ಮೇಲೆ ಅದು ಮತ್ತೆ ಮಾತಾಡುತ್ತದೆ. ಆರಂಭದಲ್ಲಿ ಕುದುರೆ ‘ಕೆಟ್ಟಿತು’ ಅನ್ನಿಸಬಹುದು, ಇದುವರೆಗೆ ನುಂಗಿಕೊಂಡದ್ದನ್ನು ಈಗ ಹೇಳತೊಡಗುವುದರಿಂದ. ಆ ದಿನಗಳಲ್ಲಿ ಗದರಿಸಿದರೆ ಮಾಡಿದ್ದೆಲ್ಲ ಹಾಳು.

ಪ್ರಶ್ನೆ: ಗೊರಸು ಶುಚಿ ಮಾಡಲು ಕಾಲೆತ್ತಿದರೆ ಕಿತ್ತುಕೊಳ್ಳುತ್ತದೆ. ಹಿಂಗಾಲು ಒದೆಯುತ್ತದೆ.

ಉತ್ತರ: ಓಡಿ ಬದುಕುವ ಪ್ರಾಣಿ ತನ್ನ ಕಾಲನ್ನು ಇನ್ನೊಬ್ಬರ ಕೈಗೆ ಕೊಡುವುದು ಸಣ್ಣ ವಿಷಯವಲ್ಲ. ಕಿತ್ತುಕೊಳ್ಳುವುದಕ್ಕೆ ಕಾರಣ ಹೆಚ್ಚಿನ ಸಲ ಮೂರರಲ್ಲಿ ಒಂದು: ಮೂರು ಕಾಲಿನ ಮೇಲೆ ನಿಲ್ಲಲು ಸಮತೋಲ ಸಾಲದು, ಕಾಲನ್ನು ತೀರಾ ಎತ್ತರಕ್ಕೆ ಅಥವಾ ಹೊರಗೆ ತಿರುಚಿ ಹಿಡಿದಿದ್ದಾರೆ, ಅಥವಾ ಹಿಡಿದವರು ಬಿಡುವುದೇ ಇಲ್ಲ.

ಕಾಲೆತ್ತುವ ಮೊದಲು ಅದು ನಾಲ್ಕು ಮೂಲೆಗೂ ಕಾಲೂರಿ ಚೌಕವಾಗಿ ನಿಂತಿದೆಯೇ ನೋಡಿ. ಮುಂಗಾಲಿಗೆ, ಭುಜದ ಪಕ್ಕ ಬಾಲದ ಕಡೆ ಮುಖ ಮಾಡಿ ನಿಲ್ಲಿ. ಒಂದು ಅಂಗೈ ಭುಜದ ಮೇಲೆ. ಅಲ್ಲಿಂದ ಮೆಲ್ಲನೆ ದೂಡಿ ಭಾರವನ್ನು ಆಚೆಯ ಕಾಲಿಗೆ ದಾಟಿಸಿ. ಇದನ್ನು ಬಿಟ್ಟು ನೇರ ಕಾಲಿಗೆ ಕೈ ಹಾಕುವುದರಿಂದಲೇ ಅರ್ಧ ಜಗಳ ಹುಟ್ಟುವುದು, ಭಾರ ಹೊತ್ತ ಕಾಲನ್ನು ಯಾರೂ ಎತ್ತಿ ಕೊಡಲಾರರು. ಆಮೇಲೆ ಅಂಗೈಯನ್ನು ಎತ್ತದೆ ಕಾಲಿನ ಹಿಂಬದಿಯುದ್ದಕ್ಕೂ ಇಳಿಸಿ, ಗೊರಸಿನ ಮೇಲಿನ ಕೀಲಿನ ಹತ್ತಿರ ಬೆರಳಿನಿಂದ ಹಗುರವಾಗಿ ಹಿಚುಕಿ ಕಾಯಿರಿ. ಹಿಮ್ಮಡಿ ನೆಲ ಬಿಟ್ಟರೆ ಸಾಕು, ಮೊದಲ ದಿನ ಅಲ್ಲಿಗೇ ಬಿಡಿ. ಮುಂದೆ ಒಂದು ಸೆಕೆಂಡು, ಎರಡು, ಐದು. ಪ್ರತಿ ಸಲವೂ ಅದು ಕಿತ್ತುಕೊಳ್ಳುವ ಮೊದಲೇ ನೀವು ಕೆಳಗೆ ಇಡಬೇಕು, ದೊಪ್ಪನೆ ಬಿಡದೆ ನೆಲಕ್ಕೆ ತಲುಪಿಸಬೇಕು.

ಹಿಂಗಾಲಿಗೂ ಇದೇ ದಾರಿ, ಸೊಂಟದ ಪಕ್ಕ ಮೈಗೆ ಅಂಟಿಕೊಂಡು ನಿಂತು. ದೂರ ನಿಂತು ಕೈ ಚಾಚಿದರೆ ಒದೆತದ ಪೂರ್ತಿ ವೇಗ ನಿಮಗೆ ಬೀಳುತ್ತದೆ, ಹತ್ತಿರವಿದ್ದರೆ ಅದು ದೂಡಿದಂತೆ ಆಗುತ್ತದೆ. ಹಿಂಗಾಲು ಮೊದಲು ಹೊಟ್ಟೆಯ ಕಡೆ ಮೇಲಕ್ಕೆ ಚಿಮ್ಮುತ್ತದೆ. ಅದು ಒದೆತವಲ್ಲ, ಕೀಲು ಮಡಿಯುವ ಬಗೆಯೇ ಹಾಗೆ. ಬೆಚ್ಚಿ ಕೈ ಬಿಡಬೇಡಿ, ಬಿಗಿಯಾಗಿಯೂ ಹಿಡಿಯಬೇಡಿ, ಕಾಲಿನ ಜೊತೆ ನಿಮ್ಮ ಕೈಯೂ ಹೋಗಿ ಬರಲಿ. ಅದು ತಣ್ಣಗಾದ ಗಳಿಗೆಯಲ್ಲಿ ಇಳಿಸಿ. ನಿಜವಾಗಿ ಒದೆಯುವ ಕುದುರೆಯಾದರೆ ಕೈಗಿಂತ ಮೊದಲು ಉದ್ದ ಕೋಲಿನ ತುದಿಗೆ ಬಟ್ಟೆ ಸುತ್ತಿ, ಅದರಿಂದ ಕಾಲನ್ನು ಸವರಿ ಅಭ್ಯಾಸ ಮಾಡಿಸಿ, ಕಾಲು ನೆಲದಲ್ಲಿ ನಿಂತಾಗ ಕೋಲು ದೂರ ಸರಿಯಲಿ.

ತಟ್ಟಿನ ಕಾಲನ್ನು ನಿಮ್ಮ ಸೊಂಟದೆತ್ತರಕ್ಕೆ ಎಳೆಯುವುದು ಬಹಳ ಜನ ಮಾಡುವ ತಪ್ಪು. ಅದರ ತೊಡೆಕೀಲು ಅಷ್ಟು ಹೊರಗೆ ತಿರುಗುವುದಿಲ್ಲ, ನೋಯುತ್ತದೆ. ನೀವೇ ಮಂಡಿ ಬಗ್ಗಿಸಿ ತಗ್ಗಿ, ಗೊರಸನ್ನು ನೆಲದಿಂದ ಒಂದು ಗೇಣಿಗಿಂತ ಹೆಚ್ಚು ಎತ್ತಬೇಡಿ. ಆದರೆ ಮೊಣಕಾಲೂರಿ ಕೂರುವುದು ಬೇಡ, ಜಿಗಿದು ಸರಿಯಲು ಆಗುವುದಿಲ್ಲ. ವಯಸ್ಸಾದ ಕುದುರೆಗೆ ಕೀಲುನೋವು ಇರಬಹುದಾದ್ದರಿಂದ ಎತ್ತರವೂ ಕಡಿಮೆ, ಹೊತ್ತೂ ಕಡಿಮೆ.

ಪ್ರಶ್ನೆ: ನೊಣದ ಔಷಧಿ ಸ್ಪ್ರೇ ಸದ್ದು ಕೇಳಿದರೆ ಗಿರಗಿರ ಸುತ್ತುತ್ತದೆ.

ಉತ್ತರ: ಸುತ್ತಿದಾಗ ನೀವು ಸ್ಪ್ರೇ ನಿಲ್ಲಿಸುತ್ತೀರಿ, ಹೀಗೆ ಸುತ್ತುವುದು ಪಾಠವಾಗಿದೆ. ಹಾಗೆಂದು ಅದು ಕಂಗಾಲಾಗಿರುವಾಗ ಸ್ಪ್ರೇ ಹೊಡೆಯುತ್ತಲೇ ಇರುವುದೂ ತಪ್ಪು. ಬಾಟಲಿಗೆ ಬರೀ ನೀರು ತುಂಬಿ. ಕಿವಿ ಮಾತ್ರ ತಿರುಗಿ ಕಾಲು ಕದಲದ ದೂರವನ್ನು ಹುಡುಕಿ, ಐದು ಮೀಟರೋ ಹತ್ತೋ. ಅಲ್ಲಿಂದ ಗಾಳಿಗೆ, ಅದರಿಂದ ಆಚೆ ಕಡೆಗೆ, ಒಂದೇ ಲಯದಲ್ಲಿ ಸಿಂಪಡಿಸಿ. ಅದು ತಲೆ ತಗ್ಗಿಸಿದಾಗ ಅಥವಾ ಉಸಿರು ಬಿಟ್ಟಾಗ ನಿಲ್ಲಿಸಿ. ಅರ್ಧರ್ಧ ಮೀಟರ್ ಹತ್ತಿರವಾಗಿ, ಮೈಗೆ ಬರುವಾಗ ಭುಜದಿಂದ ಶುರುಮಾಡಿ. ಮುಖಕ್ಕೆ ಎಂದೂ ಸ್ಪ್ರೇ ಬೇಡ, ಬಟ್ಟೆಗೆ ಹಾಕಿ ಒರೆಸಿ. ಒಂದು ಪಕ್ಕ ಒಪ್ಪಿದ ಕುದುರೆಗೆ ಇನ್ನೊಂದು ಪಕ್ಕದಿಂದ ಅದೇ ಬಾಟಲಿ ಹೊಸದಾಗಿ ಕಾಣಬಹುದು, ಅಲ್ಲಿ ಮೊದಲಿನಿಂದ ಮಾಡಿ.

ಪ್ರಶ್ನೆ: ತಿಂಡಿ ಕೊಟ್ಟು ಕಲಿಸಬಹುದೇ? ಕೊಟ್ಟರೆ ಕಚ್ಚಲು ಬರುತ್ತದೆ.

ಉತ್ತರ: ಕಲಿಸಬಹುದು. ಕಚ್ಚಲು ಬರುವುದು ತಿಂಡಿಯಿಂದಲ್ಲ, ತಿಂಡಿ ಸಿಗುವ ಜಾಗದಿಂದ. ಜೇಬಿನ ಹತ್ತಿರ ಮೂತಿ ತಂದಾಗ ಸಿಕ್ಕರೆ ಜೇಬಿಗೇ ಬರುತ್ತದೆ. ಬೇಲಿಯ ಆಚೆ ನಿಂತು ಸುಮ್ಮನಿರಿ. ಅದು ಮೂಸಿ, ತಳ್ಳಿ, ಬೇಸತ್ತು ಮುಖವನ್ನು ನೇರ ಮುಂದಕ್ಕೆ ತಿರುಗಿಸಿದ ಗಳಿಗೆ ನಾಲಗೆಯಿಂದ ಒಂದು ‘ಟಕ್’ ಸದ್ದು ಮಾಡಿ, ತೋಳು ಪೂರ್ತಿ ಚಾಚಿ, ಅದರ ಮುಖ ಇರುವಲ್ಲೇ ಚಪ್ಪಟೆ ಅಂಗೈಯಲ್ಲಿ ಕೊಡಿ. ಬೆರಳಿನ ಉಗುರಿನಷ್ಟು ತುಣುಕು ಸಾಕು. ತಟ್ಟುಗಳಿಗೆ ಸಕ್ಕರೆ, ಬೆಲ್ಲ, ಧಾನ್ಯ ಬೇಡ, ಗೊರಸಿನ ಉರಿಯೂತಕ್ಕೆ ಅದೇ ದಾರಿ. ದಿನದ ಮೇವಿನಿಂದಲೇ ಒಂದು ಹಿಡಿ ಒಣಹುಲ್ಲನ್ನು ಕತ್ತರಿಸಿ ಎತ್ತಿಟ್ಟುಕೊಳ್ಳಿ. ಮೂತಿಗೆ ಹೊಡೆಯಬೇಡಿ. ಹೊಡೆತ ತಿಂದ ಕುದುರೆ ಕಚ್ಚುವುದನ್ನು ಬಿಡುವುದಿಲ್ಲ, ಇನ್ನೂ ಚುರುಕಾಗಿ ಕಚ್ಚಿ ತಲೆ ಹಿಂದೆಗೆಯುವುದನ್ನು ಕಲಿಯುತ್ತದೆ.

ಪ್ರಶ್ನೆ: ವರ್ಷಗಟ್ಟಲೆ ಚೆನ್ನಾಗಿದ್ದ ಕುದುರೆ ಈಗ ಜೀನು ಹಾಕಲು ಹೋದರೆ ಕಿವಿ ಹಿಂದೆ ಮಡಚಿ ಕಚ್ಚಲು ಬರುತ್ತದೆ.

ಉತ್ತರ: ಇದಕ್ಕೆ ಕೈಹದದ ಪಾಠವಿಲ್ಲ, ಮೊದಲು ನೋವು ಹುಡುಕಬೇಕು. ಬೆನ್ನಿಗೆ ಕೂರದ ಜೀನು, ಜಠರದ ಹುಣ್ಣು, ಹಲ್ಲಿನ ಚೂಪು ಅಂಚು, ಬೆನ್ನುನೋವು, ಕುಂಟು, ಯಾವುದೂ ಆಗಿರಬಹುದು. ಕುದುರೆಯ ಮುಖದಲ್ಲಿ ನೋವನ್ನು ಓದುವ ಒಂದು ಕ್ರಮ 2014ರಲ್ಲಿ ಪ್ರಕಟವಾಗಿದೆ, ಅದರಲ್ಲಿ ಆರು ಗುರುತುಗಳಿವೆ: ಬಿಗಿದು ಹಿಂದಕ್ಕೆ ಹೋದ ಕಿವಿ, ಅರೆಮುಚ್ಚಿ ಬಿಗಿದ ಕಣ್ಣು, ಕಣ್ಣಿನ ಮೇಲಿನ ಎಲುಬು ಎದ್ದು ಕಾಣುವುದು, ಉಬ್ಬಿ ಬಿಗಿದ ದವಡೆಯ ಸ್ನಾಯು, ಬಿಗಿದ ಬಾಯಿ ಮತ್ತು ಮುಂದೆ ಬಂದ ಗದ್ದ, ಸೆಟೆದ ಮೂಗಿನ ಹೊಳ್ಳೆ. ಲಾಯದಲ್ಲಿ ಒಂಟಿಯಾಗಿ ಆರಾಮವಾಗಿರುವಾಗ ಒಂದು, ಜೀನು ತಂದಾಗ ಒಂದು ಫೋಟೊ ತೆಗೆದು ಹೋಲಿಸಿ.

ವಿಶ್ರಾಂತಿಯಲ್ಲಿರುವ ದೊಡ್ಡ ಕುದುರೆಯ ನಾಡಿ ನಿಮಿಷಕ್ಕೆ 28–44, ಉಸಿರು 8–16, ಮೈಬಿಸಿ 37.5–38.5 ಡಿಗ್ರಿ ಸೆಲ್ಸಿಯಸ್. ನಿಮ್ಮ ಕುದುರೆಯದು ಒಳ್ಳೆಯ ದಿನದಲ್ಲಿ ಎಷ್ಟಿರುತ್ತದೆ ಎಂದು ಬರೆದಿಟ್ಟುಕೊಂಡಿದ್ದರೆ ಪಶುವೈದ್ಯರಿಗೆ ಹೇಳಲು ಅನುಕೂಲ. ಅವರು ನೋಡಿ ಆಗುವವರೆಗೆ ಸವಾರಿ ಬೇಡ.

ಪ್ರಶ್ನೆ: ಸಾಗಿಸುವ ಗಾಡಿಗೆ ಹತ್ತುವುದಿಲ್ಲ. ಹಿಂದಿನಿಂದ ಹಗ್ಗ ಹಾಕಿ ನಾಲ್ಕು ಜನ ದೂಡುತ್ತೇವೆ.

ಉತ್ತರ: ಹೀಗೆ ಹತ್ತಿಸಿದ ಪ್ರತಿ ಸಲವೂ ಮುಂದಿನ ಸಲ ಕಷ್ಟವಾಗುತ್ತದೆ. ಕುದುರೆಗೆ ಅದು ಸದ್ದು ಮಾಡುವ, ಅಲುಗುವ ನೆಲದ ಕತ್ತಲ ಗವಿ. ಬೆಳಕಿನಿಂದ ಕತ್ತಲಿಗೆ ಅದರ ಕಣ್ಣು ಹೊಂದಿಕೊಳ್ಳಲು ನಮಗಿಂತ ಹೆಚ್ಚು ಹೊತ್ತು ಬೇಕು. ಒಳಗೆ ದೀಪ ಹಾಕಿ, ಮುಂದಿನ ಬಾಗಿಲಿದ್ದರೆ ತೆರೆದಿಡಿ.

ಗಾಡಿಯಿಂದ ದೂರದಲ್ಲೇ ಎರಡು ವಿಷಯ ಕಲಿಸಿ: ಹಗ್ಗದ ಸಣ್ಣ ಸೂಚನೆಗೆ ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. ನೆಲದ ಮೇಲೆ ದಪ್ಪ ಹಲಗೆ ಹಾಸಿ ಅದರ ಮೇಲೂ ಇದನ್ನೇ ಮಾಡಿಸಿ, ಗೊರಸಿನ ಸದ್ದು ರೂಢಿಯಾಗಲಿ. ಆಮೇಲೆ ಗಾಡಿಯ ಇಳಿಜಾರು ಹಲಗೆ. ಒಂದು ಗೊರಸು ಇಟ್ಟಿತೇ, ಅದು ಹಿಂದೆಗೆಯುವ ಮೊದಲು ನೀವೇ ಹಿಂದೆ ಕಳಿಸಿ. ಎರಡು ಗೊರಸು, ಹಿಂದೆ. ಇಳಿಯುವುದು ತನಗೆ ಗೊತ್ತು, ಬೇಕಾದಾಗ ಇಳಿಯಬಹುದು ಎಂದು ತಿಳಿದ ಕುದುರೆಗೆ ಹತ್ತುವ ಭಯ ಕಡಿಮೆ. ಹಿಂದಕ್ಕೆ ಬರುವುದನ್ನು ಕಲಿಸದೆ ಒಳಗೆ ಸೇರಿಸಿದರೆ ಒಂದು ದಿನ ಅದು ನೆಲ ಕಾಣದೆ ಹಿಮ್ಮುಖ ಧಾವಿಸುತ್ತದೆ. ಕಾಲು ಜಾರಿ ಗಾಯವಾಗುವುದು ಆಗಲೇ.

ಒಳಗೆ ನಿಂತ ಮೇಲೆ ಮೊದಲು ಹಿಂದಿನ ಅಡ್ಡಪಟ್ಟಿ ಹಾಕಿ, ನಂತರ ತಲೆ ಕಟ್ಟಿ. ಇಳಿಸುವಾಗ ಮೊದಲು ತಲೆ ಬಿಚ್ಚಿ, ನಂತರ ಅಡ್ಡಪಟ್ಟಿ ತೆಗೆಯಿರಿ. ತಲೆ ಕಟ್ಟಿದ್ದು ಹಿಂದೆ ತೆರೆದಿದ್ದರೆ ಕುದುರೆ ಹಿಂದೆ ಸರಿಯುತ್ತದೆ, ಹಗ್ಗ ಬಿಗಿಯುತ್ತದೆ, ಗಾಬರಿಯಾಗಿ ಮೇಲೆ ಹಾರುತ್ತದೆ. ಹಿಂದಿನ ಹಲಗೆಯ ನೇರಕ್ಕೆ ಯಾರೂ ನಿಲ್ಲಬಾರದು. ಪ್ರಯಾಣವಿರುವ ದಿನವೇ ಪಾಠ ಶುರುಮಾಡಿದರೆ ಅವಸರ ಗೆಲ್ಲುತ್ತದೆ, ವಾರಗಳ ಮೊದಲೇ ಶುರುಮಾಡಿ.

ಪ್ರಶ್ನೆ: ಸವಾರಿಯಲ್ಲಿ ನನ್ನ ಕುದುರೆ ಲಗಾಮನ್ನು ಕಿತ್ತು ಎಳೆಯುತ್ತದೆ. ಇನ್ನೂ ಗಟ್ಟಿ ಕಡಿವಾಣ ಹಾಕಲು ಹೇಳುತ್ತಾರೆ.

ಉತ್ತರ: ಗಟ್ಟಿ ಕಡಿವಾಣ ಬೇಡ. ಕಡಿವಾಣ ಕೂರುವುದು ನಾಲಗೆಯ ಮೇಲೆ ಮತ್ತು ಹಲ್ಲಿಲ್ಲದ ದವಡೆಯ ಅಂಚಿನ ಮೇಲೆ. ಅಲ್ಲಿ ಎಲುಬಿಗೂ ಕಬ್ಬಿಣಕ್ಕೂ ನಡುವೆ ತೆಳು ಚರ್ಮ ಬಿಟ್ಟು ಏನೂ ಇಲ್ಲ. ಎಳೆಯಲು ಎರಡು ಕಡೆಯವರು ಬೇಕು, ನಿಮ್ಮ ಕೈ ಎಳೆಯದಿದ್ದರೆ ಅದಕ್ಕೆ ಒರಗಲು ಏನೂ ಇರುವುದಿಲ್ಲ. ಮೊಣಕೈ ಮಡಿದು ಪಕ್ಕೆಗೆ ಹತ್ತಿರವಿರಲಿ, ಮೊಣಕೈಯಿಂದ ಕಡಿವಾಣದವರೆಗೆ ಒಂದೇ ನೇರಗೆರೆ. ನಡಿಗೆಯಲ್ಲಿ ಕುದುರೆಯ ತಲೆ ಮುಂದೆ ಹಿಂದೆ ತೂಗುತ್ತದೆ, ಕೈ ಅದರೊಂದಿಗೆ ಹೋಗಬೇಕು. ಕೈ ಕಲ್ಲಾಗಿದ್ದರೆ ಪ್ರತಿ ಹೆಜ್ಜೆಗೂ ಬಾಯಿಗೆ ಒಂದು ತಿವಿತ.

ನಿಲ್ಲಿಸಲು ಮೊದಲು ಉಸಿರು ಬಿಟ್ಟು ಸೊಂಟ ತೂಗುವುದನ್ನು ನಿಲ್ಲಿಸಿ. ಆಮೇಲೆ ಒದ್ದೆ ಬಟ್ಟೆಯ ನೀರು ಹಿಂಡುವಂತೆ ಬೆರಳು ಮುಚ್ಚಿ. ವೇಗ ತುಸು ಇಳಿದರೂ ಬೆರಳು ತೆರೆಯಿರಿ, ಲಗಾಮನ್ನು ಎಸೆಯಬೇಡಿ. ಕಾಲಿನಿಂದ ಹೋಗು, ಕೈಯಿಂದ ನಿಲ್ಲು ಎಂದು ಒಂದೇ ಗಳಿಗೆಯಲ್ಲಿ ಹೇಳುವ ಸವಾರರ ಕುದುರೆಗಳೇ ಹೆಚ್ಚಾಗಿ ಎಳೆಯುವುದು. ಮೂಗುಪಟ್ಟಿಯನ್ನೂ ನೋಡಿ: ಮೂಗಿನ ಎಲುಬಿನ ಮೇಲೆ, ನಟ್ಟನಡುವೆ, ಪಟ್ಟಿಯಡಿ ಎರಡು ಬೆರಳು ಹೋಗಬೇಕು. ಪಕ್ಕದಲ್ಲಿ ಅಳೆದರೆ ಸಡಿಲವೆಂದೇ ಕಾಣುತ್ತದೆ, ಅದು ಲೆಕ್ಕಕ್ಕಿಲ್ಲ.

ಪ್ರಶ್ನೆ: ದಿನಕ್ಕೆ ಎಷ್ಟು ಹೊತ್ತು ಕಲಿಸಬೇಕು?

ಉತ್ತರ: ಹೊಸ ಪಾಠಕ್ಕೆ ಹತ್ತು ಹದಿನೈದು ನಿಮಿಷ ಸಾಕು, ಮರಿಗೆ ಐದು. ಒಂದು ಪ್ರಯತ್ನ ಚೆನ್ನಾಗಿ ಬಂದರೆ ಗಡಿಯಾರ ನೋಡದೆ ಅಲ್ಲೇ ಹಾಲ್ಟರ್ ಬಿಚ್ಚಿ. ಬಿಚ್ಚಿದ ಮೇಲೂ ಅದು ಹೊರಟುಹೋಗದೆ ನಿಮ್ಮ ಪಕ್ಕ ನಿಂತರೆ, ಹೆಗಲು ಕೆರೆಯುವುದಕ್ಕೆ ಒಂದೆರಡು ನಿಮಿಷ ಇಟ್ಟುಕೊಳ್ಳಿ.